ಶೇಕಡಾ ಮೂವತ್ತೇಳೂವರೆ

ಹುಬ್ಬಳ್ಳಿಯ ವಂಶವಾಚನ ಕೇಂದ್ರದಲ್ಲಿ ಅನಸೂಯಾ ಹುಲ್ಲೂರ ಒಂಬತ್ತು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡಿದಳು. ಎದುರಿನ ಕಿಟಕಿಯಲ್ಲಿ ಯಾವಾಗಲೂ ಇಬ್ಬರು ನಿಲ್ಲುತ್ತಿದ್ದರು: ಅಣ್ಣ ತಂಗಿ, ಅಕ್ಕ ತಮ್ಮ, ಇಲ್ಲವೆ ಇಬ್ಬರು ಅಕ್ಕತಂಗಿಯರು. ಇಬ್ಬರ ಎಂಜಲನ್ನೂ ಬೇರೆ ಬೇರೆ ಹತ್ತಿಯ ಕಡ್ಡಿಗೆ ಹಚ್ಚಿಸಿಕೊಂಡು ಅವಳು ಯಂತ್ರದ ಎರಡು ಬಾಯಿಗೆ ಇಡುತ್ತಿದ್ದಳು. ನಾಲ್ಕು ನಿಮಿಷಕ್ಕೆ ಒಂದು ಕಾರ್ಡು ಹೊರಬರುತ್ತಿತ್ತು. ಕಾರ್ಡಿನ ಮೇಲೆ ಒಂದು ಅಂಕಿ, ಅಂಕಿಯ ಕೆಳಗೆ ಒಂದು ಶಬ್ದ. ಆ ಶಬ್ದ ‘ಪೂರ್ಣ’ ಇಲ್ಲವೆ ‘ಅರ್ಧ’.

ಇದೆಲ್ಲ ಶುರುವಾದದ್ದು ಅಂಗಗಳನ್ನು ಬೆಳೆಸುವ ವಿದ್ಯೆ ಕೈಗೆ ಬಂದ ಮೇಲೆ. ಕೆಟ್ಟುಹೋದ ಲಿವರ್ ಇರಲಿ, ಕಿಡ್ನಿ ಇರಲಿ, ದಾನಿಯ ದೇಹದಿಂದ ಉಗುರಿನಷ್ಟು ಮಾಂಸ ತೆಗೆದು ತೊಟ್ಟಿಯಲ್ಲಿಟ್ಟರೆ ನಲವತ್ತು ದಿನದಲ್ಲಿ ಪೂರ್ತಿ ಅಂಗ ಬೆಳೆಯುತ್ತಿತ್ತು. ಆಸ್ಪತ್ರೆಯವರು ಆ ತೊಟ್ಟಿಯನ್ನು ತೊಟ್ಟಿಲು ಎಂದು ಕರೆಯುತ್ತಿದ್ದರು. ದೋಷ ರೋಗಿಯ ವಂಶವಾಹಿಯಲ್ಲೇ ಇದ್ದರೆ ಅವನದೇ ಮಾಂಸದಿಂದ ಬೆಳೆಸಿ ಉಪಯೋಗವಿಲ್ಲ, ಒಡಹುಟ್ಟಿದವರದು ಬೇಕು. ಮೊದಮೊದಲ ಪ್ರಯೋಗಗಳಲ್ಲಿ ತಾಯಿ ಒಬ್ಬಳೇ, ತಂದೆ ಬೇರೆ ಇದ್ದವರ ಅಂಗಗಳು ಬಹಳಷ್ಟು ಒಣಗಿಹೋದವು. ಹಾಗಾಗಿ ಕಾಯ್ದೆ ಬಂತು: ಪೂರ್ಣ ಒಡಹುಟ್ಟು ಎಂಬ ಕಾರ್ಡು ಇದ್ದವರು ಮಾತ್ರ ಕೊಡಬಹುದು. ಕಾರ್ಡು ಕೊಡುವ ಅಧಿಕಾರ ವಂಶವಾಚನ ಮಂಡಳಿಗೆ ಸಿಕ್ಕಿತು.

ಆಸ್ಪತ್ರೆಗೆಂದು ಮಾಡಿದ ಕಾರ್ಡು ಮನೆಗಳಿಗೆ ಹೊಕ್ಕಲು ಬಹಳ ದಿನ ಬೇಕಾಗಲಿಲ್ಲ. ಜನ ರೋಗವಿಲ್ಲದೆಯೂ ಸರದಿಯಲ್ಲಿ ನಿಂತರು. ಶೇಕಡಾ ಐವತ್ತಾರು, ಐವತ್ತೆಂಟು ಬಂದವರು ಪೇಢೆ ಹಂಚಿದರು. ನಾಗರ ಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆಯುವಾಗ ಅಂಕಿ ಹೆಚ್ಚಿದ್ದವಳನ್ನು ಮೊದಲು ಕರೆಯುವ ಅಣ್ಣಂದಿರು ಹುಟ್ಟಿಕೊಂಡರು. ಹೆಣ್ಣು ನೋಡಲು ಬಂದವರು ಜಾತಕದ ಜೊತೆ ಕಾರ್ಡನ್ನೂ ಕೇಳಿದರು. ‘ಅರ್ಧ’ ಬಂದ ಮನೆಯ ಮಾತು ಬೇರೆ. ಅಂಥವರು ಕಿಟಕಿಯ ಮುಂದೆ ಸ್ವಲ್ಪ ಹೊತ್ತು ಕಾರ್ಡು ಹಿಡಿದು ನಿಲ್ಲುತ್ತಿದ್ದರು. ಕೆಲವರು ಕೇಳುತ್ತಿದ್ದರು: “ಇನ್ನೊಮ್ಮೆ ನೋಡ್ರಿ ಬಾಯಾರ.” ಅನಸೂಯಾ ಇನ್ನೊಮ್ಮೆ ಇಡುತ್ತಿದ್ದಳು. ಅದೇ ಅಂಕಿ ಬರುತ್ತಿತ್ತು. “ಯಂತ್ರ ಸುಳ್ಳು ಹೇಳೂದಿಲ್ರೀ,” ಎಂದು ಅವಳು ಹೇಳಿ ಮುಂದಿನವರನ್ನು ಕರೆಯುತ್ತಿದ್ದಳು. ಮೊದಲ ವರ್ಷ ಹಾಗೆ ಹೇಳುವಾಗ ಗಂಟಲು ಕಟ್ಟುತ್ತಿತ್ತು. ಆಮೇಲೆ ಕಟ್ಟುವುದು ನಿಂತಿತು. ನಿಂತದ್ದು ಯಾವಾಗ ಎಂದು ಅವಳಿಗೆ ನೆನಪಿರಲಿಲ್ಲ.

ತರಬೇತಿಯಲ್ಲಿ ಅವಳಿಗೆ ಇಸ್ಪೀಟಿನ ಲೆಕ್ಕದಲ್ಲಿ ಕಲಿಸಿದ್ದರು. ಅಪ್ಪನ ಹತ್ತಿರ ಎರಡು ಕಟ್ಟು ಎಲೆ, ಒಂದು ಕೆಂಪು ಬೆನ್ನಿನದು, ಒಂದು ನೀಲಿ ಬೆನ್ನಿನದು. ಪ್ರತಿ ಮಗುವಿಗೂ ಅವನು ಪೂರ್ತಿ ಒಂದು ಕಟ್ಟು ಕೊಡುತ್ತಾನೆ, ಆದರೆ ಅದರಲ್ಲಿ ಕೆಲವು ಎಲೆ ಕೆಂಪು, ಕೆಲವು ನೀಲಿ. ಅವ್ವನೂ ಹಾಗೆಯೇ ತನ್ನ ಹಸಿರು ಮತ್ತು ಹಳದಿ ಕಟ್ಟುಗಳಿಂದ ಬೆರೆಸಿ ಕೊಡುತ್ತಾಳೆ. ಅಕ್ಕನಿಗೆ ಕೆಂಪು ರಾಜ ಹೋಗಿದ್ದರೆ ತಮ್ಮನಿಗೂ ಕೆಂಪು ರಾಜನೇ ಹೋದಾನೋ, ನೀಲಿ ರಾಜ ಹೋದಾನೋ, ಅದು ನಾಣ್ಯ ಚಿಮ್ಮಿದ ಹಾಗೆ. ಹೀಗೆ ಎಲ್ಲ ಎಲೆ ಎಣಿಸಿದರೆ ಒಡಹುಟ್ಟಿದವರಲ್ಲಿ ಸರಿಸುಮಾರು ಅರ್ಧದಷ್ಟು ಒಂದೇ ಆಗಿರುತ್ತವೆ. ತಂದೆ ಬೇರೆಯಾದರೆ ಅವನ ಕಡೆಯ ಎಲೆಗಳು ಕೂಡುವುದೇ ಇಲ್ಲ. ಆಗ ಕಾಲು ಭಾಗ ಉಳಿಯುತ್ತದೆ. ನಲವತ್ತಕ್ಕಿಂತ ಮೇಲೆ ಪೂರ್ಣ, ಕೆಳಗೆ ಅರ್ಧ. ಇಷ್ಟು ಕಲಿತರೆ ಕಿಟಕಿಯ ಕೆಲಸಕ್ಕೆ ಸಾಕು ಎಂದಿದ್ದರು.

ಅನಸೂಯಾಗೆ ಆಗ ನಲವತ್ತೆಂಟು ವರ್ಷ. ಮದುವೆಯಾಗಿರಲಿಲ್ಲ. ಗದಗ ರಸ್ತೆಯ ಮನೆಯಲ್ಲಿ ತಾಯಿ ತಂಗೆವ್ವ, ತಮ್ಮ ಗುರುಪಾದ, ಅವನ ಹೆಂಡತಿ ಸುವರ್ಣಾ ಜೊತೆ ಇದ್ದಳು. ತಂದೆ ಬಸವಂತಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು, ತೀರಿಕೊಂಡು ಹದಿನಾರು ವರ್ಷವಾಗಿತ್ತು. ಗುರುಪಾದ ಅದೇ ವರ್ಕ್‌ಶಾಪಿನಲ್ಲಿ ರೈಲಿನ ಡಬ್ಬಿಗಳಿಗೆ ಬಣ್ಣ ಹೊಡೆಯುವ ವಿಭಾಗದಲ್ಲಿದ್ದ. ಆ ವರ್ಷದ ಬೇಸಿಗೆಯಲ್ಲಿ ಅವನ ಕಣ್ಣು ಹಳದಿಯಾದವು. ಕಾಮಣಿ ಎಂದು ಎಲೆಯ ರಸ ಕುಡಿಸಿದರು. ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ನೋಡಿದಾಗ ಹುಟ್ಟಿನಿಂದಲೇ ಬಂದ ವಂಶವಾಹಿಯ ದೋಷ, ಲಿವರ್ ಕೈಬಿಟ್ಟಿದೆ, ಹೆಚ್ಚೆಂದರೆ ನಾಲ್ಕು ತಿಂಗಳು ಎಂದರು.

“ಅಕ್ಕ ಇದ್ದಾರಲ್ಲ, ಚಿಂತಿ ಯಾಕ?” ಎಂದಳು ಸುವರ್ಣಾ.

ಚಿಂತೆ ಯಾರಿಗೂ ಇರಲಿಲ್ಲ. ಕಾರ್ಡು ಒಂದು ಕಾಗದದ ಕೆಲಸ ಎಂದೇ ಎಲ್ಲರೂ ತಿಳಿದಿದ್ದರು. ಒಂದು ಮಂಗಳವಾರ ಮಧ್ಯಾಹ್ನ ಗುರುಪಾದ ಆಟೋದಲ್ಲಿ ಕೇಂದ್ರಕ್ಕೆ ಬಂದ. ಅನಸೂಯಾ ತನ್ನ ಕಡ್ಡಿಯನ್ನೂ ಅವನ ಕಡ್ಡಿಯನ್ನೂ ತಾನೇ ಇಟ್ಟಳು. ಅವನು ಕಿಟಕಿಯ ಆಚೆ ನಿಂತು ಏನೋ ತಮಾಷೆ ಮಾಡಿದ. ನಾಲ್ಕು ನಿಮಿಷ ಕಳೆಯಿತು.

ಕಾರ್ಡಿನ ಮೇಲೆ 37.5 ಎಂದಿತ್ತು. ಕೆಳಗೆ ‘ಅರ್ಧ’ ಎಂದಿತ್ತು.

ಅವಳು ಮತ್ತೆ ಇಟ್ಟಳು. ಮತ್ತೆ ಅದೇ. ಪಕ್ಕದ ಯಂತ್ರಕ್ಕೆ ಇಟ್ಟಳು. ಅದೇ.

“ಎಷ್ಟ ಬಂತಕ್ಕಾ?” ಎಂದ ಗುರುಪಾದ.

ಅವಳು ಕಾರ್ಡನ್ನು ಕಿಟಕಿಯ ಕೆಳಗಿನ ಸಂದಿಯಿಂದ ಸರಿಸಿದಳು, ಎಲ್ಲರಿಗೂ ಸರಿಸುವ ಹಾಗೆ. ಅವನು ಓದಿದ. ತಲೆ ಎತ್ತಿ ನೋಡಿದ. ಹಿಂದೆ ನಿಂತಿದ್ದ ಇಬ್ಬರು ಅಕ್ಕತಂಗಿಯರು ಸರದಿ ಬಂತೇ ಎಂದು ಮುಂದೆ ಬಂದರು. ಅನಸೂಯಾ ಅವರ ಕಡ್ಡಿ ತೆಗೆದುಕೊಂಡಳು. ಸಂಜೆ ಐದೂವರೆಯವರೆಗೆ ಇನ್ನೂ ಹನ್ನೊಂದು ಜೋಡಿ ಓದಿದಳು. ಒಂದರಲ್ಲೂ ತಪ್ಪು ಮಾಡಲಿಲ್ಲ.

ಮನೆಯಲ್ಲಿ ಮೂರು ದಿನ ಯಾರೂ ಕಾರ್ಡಿನ ಮಾತು ಎತ್ತಲಿಲ್ಲ. ಸುವರ್ಣಾ ಅಡುಗೆ ಮಾಡಿದಳು, ಬಡಿಸಿದಳು. ಗುರುಪಾದ ಗೋಡೆಗೆ ಮುಖ ಮಾಡಿ ಮಲಗಿದ. ಮೂರನೆಯ ದಿನ ಅನಸೂಯಾ ಅವನಿಗೆ ಗಂಜಿ ತಂದಾಗ ಅವನು ತಿರುಗದೆಯೇ ಕೇಳಿದ.

“ಅಕ್ಕಾ, ಹಂಗಾರ ನಾ ಯಾರ ಮಗ?”

ಅವಳು ಗಂಜಿಯ ಬಟ್ಟಲನ್ನು ಹಾಸಿಗೆಯ ಪಕ್ಕ ಇಟ್ಟಳು. ಅವಳ ತಲೆಯಲ್ಲಿ ಲೆಕ್ಕ ಆಗಲೇ ಶುರುವಾಗಿತ್ತು. ಅವಳಿಗೆ ಆರು ವರ್ಷವಿದ್ದಾಗ ಅಪ್ಪ ತರಬೇತಿಗೆಂದು ಖರಗಪುರಕ್ಕೆ ಹೋಗಿ ಹನ್ನೊಂದು ತಿಂಗಳು ಇದ್ದ. ಬಂದ ಮೇಲೆ ಎಂಟು ತಿಂಗಳಿಗೆ ಗುರುಪಾದ ಹುಟ್ಟಿದ. ಎಂಟು ತಿಂಗಳಿಗೇ ಹುಟ್ಟಿದವನು ಎಂದು ಮನೆಯಲ್ಲಿ ಎಲ್ಲರೂ ಪ್ರೀತಿಯಿಂದ ಆಡುತ್ತಿದ್ದ ಮಾತು ಅದು. ಈಗ ಅದೇ ಮಾತನ್ನು ಅವಳು ಬೆರಳು ಮಡಚಿ ಎಣಿಸಿದಳು.

ನಾಲ್ಕನೆಯ ದಿನ ತಂಗೆವ್ವ ಹಿತ್ತಲ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಅವಳಿಗೆ ಎಪ್ಪತ್ತೈದು. ಕೈ ಇನ್ನೂ ಚುರುಕು. ಅನಸೂಯಾ ಎದುರಿಗೆ ಕುಳಿತು ಒಂದು ಹಿಡಿ ಕಾಯಿ ತೆಗೆದುಕೊಂಡು ತಾನೂ ಸುಲಿಯತೊಡಗಿದಳು.

“ಅವ್ವಾ, ಅಪ್ಪ ಖರಗಪುರದಾಗ ಇದ್ದಾಗ ನೀ ಎಲ್ಲಿದ್ದಿ?”

ತಂಗೆವ್ವನ ಕೈ ನಿಲ್ಲಲಿಲ್ಲ. “ಇಲ್ಲೇ ಇದ್ದೆ. ನಿನ್ನ ಕಟಗೊಂಡು. ಎರಡ ತಿಂಗಳ ರೋಣಕ್ಕ ಹೋಗಿದ್ದೆ, ನಮ್ಮಪ್ಪಗ ಆರಾಮ ಇರಲಿಲ್ಲ.” ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ಕಾರ್ಡಿನಾಗ ಏನ ಬಂದೈತಿ?”

ಅನಸೂಯಾ ಹೇಳಿದಳು.

“ಯಂತ್ರ ಹಂಗಂತು. ನೀ ಏನಂತಿ?”

ಒಂಬತ್ತು ವರ್ಷ ನಾಲಿಗೆಗೆ ಅಂಟಿದ ಮಾತು ತಾನಾಗಿಯೇ ಹೊರಬಿತ್ತು. “ಯಂತ್ರ ಸುಳ್ಳು ಹೇಳೂದಿಲ್ಲವಾ.”

ತಂಗೆವ್ವ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಅಳಲಿಲ್ಲ, ಬೈಯಲಿಲ್ಲ. ಅಂದಿನಿಂದ ಅವಳು ಮಗಳ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಅನಸೂಯಾ ಕೆಲಸಕ್ಕೆ ಹೋದ ಮೇಲೆ ಊಟ ಮಾಡುತ್ತಿದ್ದಳು. ಕರೆದರೆ ಓಗೊಡುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅಷ್ಟೆ.

ಅದೇ ವಾರ ಆಸ್ಪತ್ರೆಯಿಂದ ಇನ್ನೊಂದು ವರದಿ ಬಂತು. ಕಾರ್ಡಿಗೂ ಮುಂಚೆ ಇಬ್ಬರ ರಕ್ತವನ್ನೂ ಕೊಟ್ಟಿದ್ದರು. ಅಂಗ ನಿಲ್ಲುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಕೆಲವು ವಂಶವಾಹಿಗಳು ಆರನೆಯ ವರ್ಣತಂತುವಿನ ಮೇಲೆ ಒಂದೇ ಕಡೆ ಗುಂಪಾಗಿರುತ್ತವೆ. ಅವನ್ನು ನೋಡಿದ ಡಾಕ್ಟರಮ್ಮ ಅನಸೂಯಾಳನ್ನು ಕರೆದು ಹೇಳಿದಳು: “ಕಾಯ್ದೆ ಅಡ್ಡ ಬರ್ತೈತ್ರಿ, ಇಲ್ಲಾಂದ್ರ ನಿಮ್ಮಂಥಾ ದಾನಿ ಸಿಗೂದು ಕಷ್ಟ. ಎರಡೂ ಪ್ರತಿ ಕೂಡ್ಯಾವ. ಅವ್ವನ ಕಡೀದೂ, ಅಪ್ಪನ ಕಡೀದೂ.”

ಅನಸೂಯಾ ಬಸ್ಸಿನಲ್ಲಿ ಮನೆಗೆ ಬರುವಾಗ ಆ ಮಾತನ್ನೇ ತಿರುವಿ ಹಾಕಿದಳು. ತಂದೆ ಬೇರೆಯಾಗಿದ್ದರೆ ಅಪ್ಪನ ಕಡೆಯದು ಕೂಡಬಾರದು. ಎರಡು ನಿಲ್ದಾಣ ದಾಟಿದ ಮೇಲೆ ಅದು ಅವಳಿಗೆ ಪೂರ್ತಿ ಹೊಳೆಯಿತು. ಖುಷಿಯೇನೂ ಆಗಲಿಲ್ಲ. ಮರುದಿನ ರಜೆ ಹಾಕಿ ಧಾರವಾಡಕ್ಕೆ ಹೋದಳು.

ಮಂಡಳಿಯ ನಿಯಂತ್ರಣ ಕೊಠಡಿ ಧಾರವಾಡದ ಹೊರಗಿತ್ತು. ಇಡೀ ರಾಜ್ಯದ ಕೇಂದ್ರಗಳ ಯಂತ್ರಗಳನ್ನು ಅಲ್ಲಿಗೆ ಜೋಡಿಸಲಾಗಿತ್ತು. ಗೋಡೆಯ ತುಂಬ ಪರದೆ, ಪರದೆಯ ತುಂಬ ಓಡುವ ಅಂಕಿಗಳು, ತಣ್ಣನೆಯ ಗಾಳಿ. ಮುಖ್ಯಸ್ಥ ಡಾಕ್ಟರ್ ಪಂಢರಿನಾಥ ಗಲಗಲಿ ಈ ಯಂತ್ರವನ್ನು ಕಟ್ಟಿದವರಲ್ಲೊಬ್ಬ. ತೆಳ್ಳಗಿನ, ಮೆಲುಮಾತಿನ ಮನುಷ್ಯ. ಅನಸೂಯಾ ಕಾರ್ಡನ್ನೂ ಆಸ್ಪತ್ರೆಯ ವರದಿಯನ್ನೂ ಮೇಜಿನ ಮೇಲೆ ಇಟ್ಟಳು. ಅವನು ಎರಡನ್ನೂ ಓದಿ ಕನ್ನಡಕ ತೆಗೆದ.

“ಪಟ್ಟಿ ತೆಗೀರಿ,” ಎಂದ ಸಹಾಯಕಿಗೆ.

ಪಟ್ಟಿ ಎಂದರೆ ಯಂತ್ರ ಅಂಕಿ ಹೇಳುವ ಮುಂಚೆ ಓದಿದ ಮೂಲ. ಕಿಟಕಿಯಲ್ಲಿ ಕೂತವರು ಅದನ್ನು ನೋಡುತ್ತಿರಲಿಲ್ಲ. ಪರದೆಯ ಮೇಲೆ ಒಂದೊಂದು ವರ್ಣತಂತುವಿಗೆ ಒಂದರಂತೆ ಇಪ್ಪತ್ತೆರಡು ಜೋಡಿ ಗೆರೆಗಳು ಮೂಡಿದವು. ಅಕ್ಕ ತಮ್ಮಂದಿರಲ್ಲಿ ಏನೂ ಕೂಡದ ಜಾಗ ಬಿಳಿ, ಒಂದು ಕಡೆಯದು ಕೂಡಿದ ಜಾಗ ಬೂದು, ಎರಡೂ ಕಡೆಯದು ಕೂಡಿದ ಜಾಗ ಕಪ್ಪು. ಬಿಳಿ ಬಹಳ ಇತ್ತು. ಬೂದು ಸಾಕಷ್ಟಿತ್ತು. ನಡುನಡುವೆ, ಆರನೆಯ ಗೆರೆಯ ಮೇಲೆ, ಹನ್ನೊಂದನೆಯದರ ತುದಿಗೆ, ಇನ್ನೂ ಆರೇಳು ಕಡೆ, ದಪ್ಪ ಕಪ್ಪು ತುಂಡುಗಳಿದ್ದವು.

“ಕಪ್ಪು ಇದ್ದದ್ದು ಒಂದೇ ತಂದಿ ತಾಯಿ ಅಂತ ಅರ್ಥ,” ಎಂದ ಗಲಗಲಿ. “ಅರ್ಧ ಒಡಹುಟ್ಟು ಇದ್ರ ಬೂದು ಇರ್ತದ, ಕಪ್ಪು ಇರೂದೇ ಇಲ್ಲ. ನೀವಿಬ್ಬರೂ ಪೂರ್ಣ.”

“ಮತ್ತ ಮೂವತ್ತೇಳೂವರಿ?”

“ಅದೂ ಖರೇನೇ. ಎಲಿ ಒಂದೊಂದಾಗಿ ಹೋಗೂದಿಲ್ಲ ನೋಡ್ರಿ, ದೊಡ್ಡ ದೊಡ್ಡ ತುಂಡಾಗಿ ಹೋಗ್ತಾವ. ಹಿಂಗಾಗಿ ಎಲ್ಲಾರಿಗೂ ಸರಿಯಾಗಿ ಐವತ್ತು ಬರೂದಿಲ್ಲ. ಒಬ್ಬರಿಗೆ ಅರವತ್ತು ಬರ್ತದ, ಒಬ್ಬರಿಗೆ ಮೂವತ್ತೆಂಟು. ನಾವು ಇನ್ನೂರು ಜೋಡಿ ನೋಡಿ ನಲವತ್ತಕ್ಕ ಗೆರಿ ಹಾಕಿದ್ವಿ. ಆ ಇನ್ನೂರರಾಗ ಯಾರೂ ಕೆಳಗ ಬಿದ್ದಿದ್ದಿಲ್ಲ.”

“ಒಟ್ಟ ಎಷ್ಟ ಮಂದಿ ಕೆಳಗ ಬೀಳ್ತಾರ್ರೀ?”

ಗಲಗಲಿ ಕನ್ನಡಕ ಒರೆಸಿದ. “ಸಾವಿರಕ್ಕ ನಾಲ್ಕೈದು ಜೋಡಿ.”

ಅವಳ ಕಿಟಕಿಯಲ್ಲೇ ಐವತ್ತು ಸಾವಿರ ಜೋಡಿ ದಾಟಿದ್ದವು.

“ನಿಮಗ ಯಾವಾಗಿಂದ ಗೊತ್ತೈತಿ?”

“ಮೂರು ವರ್ಷ ಆತು. ಹೊಸಾ ಯಂತ್ರ ಬರ್ಲಿಕ್ಕತ್ತಾವ. ಅವು ಕಪ್ಪು ನೋಡಿ ಹೇಳ್ತಾವ. ಇನ್ನ ಮುಂದ ತಪ್ಪಾಗೂದಿಲ್ಲ.” ಅವನು ಪರದೆಯ ಕಡೆ ತಿರುಗಿದ. “ಹಳೇ ಕಾರ್ಡಿನ ಮಾತು ತೆಗೀಬಾರದು ಅಂತ ಮಂಡಳಿಯೊಳಗ ತೀರ್ಮಾನ ಆಗ್ಯದ. ನಾನೂ ಒಪ್ಪೇನಿ. ವಿಚಾರ ಮಾಡ್ರಿ ಬಾಯಾರ, ಅವರೆಲ್ಲ ಹೆಂಗೋ ಸುಮ್ಮನಾಗ್ಯಾರ. ಸುಮ್ಮನಾದವರನ್ನ ಹೋಗಿ ಎಬ್ಬಸೂದು ದಯಾ ಅಲ್ಲ. ನಿಮ್ಮ ಕಾರ್ಡ್ ಈಗ ತಿದ್ದಿ ಕೊಡ್ತೇನಿ. ನಿಮ್ಮ ತಮ್ಮಗ ವ್ಯಾಳ್ಯಾ ಇಲ್ಲ. ಉಳಿದದ್ದರ ಬಗ್ಗೆ ಎಲ್ಲೂ ಮಾತಾಡೂದಿಲ್ಲ ಅಂತ ಒಂದು ಸಹಿ ಹಾಕ್ರಿ.”

ಸಹಾಯಕಿ ಕಾಗದ ತಂದಳು. ಅನಸೂಯಾ ಓದಲಿಲ್ಲ. ಸಹಿ ಹಾಕಿದಳು. ಹೊಸ ಕಾರ್ಡು ಬಂತು. ಅಂಕಿ ಅದೇ 37.5, ಕೆಳಗೆ ‘ಪೂರ್ಣ’.

ಅಂದು ಸಂಜೆ ಅವಳು ಮೊದಲು ಗುರುಪಾದನಿಗೆ ತೋರಿಸಿದಳು. ಅವನು ಕಾರ್ಡನ್ನು ಎದೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಸುವರ್ಣಾ ದೇವರ ಮುಂದೆ ದೀಪ ಹಚ್ಚಿದಳು. ಅನಸೂಯಾ ಹಿತ್ತಲಿಗೆ ಹೋದಳು. ತಂಗೆವ್ವ ಒಣಗಿದ ಬಟ್ಟೆ ಮಡಚುತ್ತಿದ್ದಳು.

“ಅವ್ವಾ, ಯಂತ್ರದ್ದು ತಪ್ಪಾಗಿತ್ತು. ತಿದ್ದಿ ಕೊಟ್ಟಾರ.”

ತಂಗೆವ್ವ ಕಾರ್ಡು ನೋಡಲಿಲ್ಲ. ಸೀರೆಯ ಇನ್ನೊಂದು ತುದಿಯನ್ನು ಮಗಳ ಕೈಗೆ ಕೊಟ್ಟಳು. ಇಬ್ಬರೂ ಹಿಡಿದು ಜಗ್ಗಿ ಮಡಚಿದರು.

“ಯಂತ್ರದ್ದು ತಿದ್ದಿದ್ರು,” ಎಂದಳು ತಂಗೆವ್ವ. “ನೀ ಕೇಳಿದ್ದನ್ನ ಯಾರ ತಿದ್ದಬೇಕು?”

ಮುಂದಿನದು ಸುಸೂತ್ರವಾಗಿ ಆಯಿತು. ಅನಸೂಯಾಳ ಲಿವರಿನಿಂದ ಒಂದು ಚೂರು ತೆಗೆದು ತೊಟ್ಟಿಲಿಗೆ ಹಾಕಿದರು. ನಲವತ್ತು ದಿನ ಅದು ಬೆಳೆಯಿತು. ಶಸ್ತ್ರಚಿಕಿತ್ಸೆಯಾದ ಹತ್ತನೆಯ ದಿನ ಗುರುಪಾದನ ಕಣ್ಣು ಬೆಳ್ಳಗಾದವು. ಮೂರನೆಯ ತಿಂಗಳಿಗೆ ಅವನು ಕೆಲಸಕ್ಕೆ ಹೋದ. ನೆರೆಯವರು ಬಂದು ಅನಸೂಯಾಳ ಕೈ ಹಿಡಿದು ಹೊಗಳಿದರು. ಅವಳು ಚಹಾ ಕೊಟ್ಟಳು. ಅವಳಿಗೆ ಸಂತೋಷವಾಗಬೇಕಿತ್ತು. ಎಲ್ಲಿಯೋ ದೂರದಲ್ಲಿ ಅದು ಇರಬಹುದು ಎಂದು ಅನಿಸುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ತಂಗೆವ್ವ ಮಗನಿಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದಳು. ಮಗಳ ಜೊತೆ ಊಟಕ್ಕೆ ಮಾತ್ರ ಕೂರಲಿಲ್ಲ.

ಕೇಂದ್ರದಲ್ಲಿ ಜೋಡಿಗಳು ಬರುತ್ತಲೇ ಇದ್ದವು. ಹೊಸ ಯಂತ್ರ ಇನ್ನೂ ಬಂದಿರಲಿಲ್ಲ. ಶ್ರಾವಣದಲ್ಲಿ ಒಂದು ದಿನ ಇಬ್ಬರು ಅಕ್ಕತಂಗಿಯರಿಗೆ 38.9 ಬಂತು. ಕಾರ್ಡು ಸರಿಸಬೇಕಾದ ಕೈ ಮೇಜಿನ ಮೇಲೇ ಉಳಿಯಿತು. “ಯಂತ್ರ ಕೆಟ್ಟೈತ್ರಿ, ಮುಂದಿನ ತಿಂಗಳ ಬರ್ರಿ,” ಎಂದು ಅವರನ್ನು ಕಳಿಸಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ, ಧಾರವಾಡದ ಸಹಾಯಕಿ ಬೆರಳಾಡಿಸಿದ್ದನ್ನು ನೆನಪಿಸಿಕೊಂಡು ತನ್ನ ಯಂತ್ರದ ಪಟ್ಟಿ ತೆಗೆದಳು. ತೆರೆಯಿತು. ಒಂಬತ್ತು ವರ್ಷದ ಪಟ್ಟಿಗಳೆಲ್ಲ ಒಳಗಿದ್ದವು.

ತನ್ನದನ್ನು ಬಿಟ್ಟು, ಮೂವತ್ತನಾಲ್ಕರಿಂದ ನಲವತ್ತರ ನಡುವೆ ಅಂಕಿ ಬಂದ ಕಾರ್ಡುಗಳು ಇನ್ನೂರ ಮೂವತ್ತೊಂದು. ದಿನಕ್ಕೆ ಐದಾರರಂತೆ ಅವಳು ಊಟದ ಹೊತ್ತಿನಲ್ಲಿ ನೋಡುತ್ತ ಹೋದಳು. ಕಪ್ಪು ಇದೆಯೇ, ಇಲ್ಲವೇ. ಎರಡು ತಿಂಗಳು ಹಿಡಿಯಿತು. ಹನ್ನೆರಡು ಜೋಡಿಯಲ್ಲಿ ಕಪ್ಪು ಇರಲಿಲ್ಲ. ಇನ್ನೂರ ಹತ್ತೊಂಬತ್ತರಲ್ಲಿ ಇತ್ತು. ಅವರ ಹೆಸರು, ವಿಳಾಸಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಳು. ಬರೆಯುವಾಗ ಯಾವ ಮುಖವೂ ನೆನಪಾಗಲಿಲ್ಲ, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಮೊದಲ ಭಾನುವಾರ ಅವಳು ಗದಗಿನ ರೈಲು ಹತ್ತಿದಳು. ನೋಟುಬುಕ್ಕಿನ ಮೊದಲ ಹೆಸರು ಬೆಟಗೇರಿಯ ದ್ಯಾಮಣ್ಣ ಕುರಡಗಿ ಮತ್ತು ಅವನ ಅಣ್ಣ ಯಲ್ಲಪ್ಪ. ಅಂಕಿ 38.1. ಏಳು ವರ್ಷದ ಹಿಂದಿನದು. ಕಾರ್ಡು ಬೇಕಾದ ಕಾರಣ ಎಂಬಲ್ಲಿ ‘ಅಣ್ಣನಿಗೆ ಕಿಡ್ನಿ’ ಎಂದಿತ್ತು.

ದ್ಯಾಮಣ್ಣ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ನಲವತ್ತರ ಆಸುಪಾಸಿನ ಗಟ್ಟಿ ಆಳು, ರೆಪ್ಪೆಯ ಮೇಲೆಲ್ಲ ಜೋಳದ ಹಿಟ್ಟು. ನಾಲ್ಕಾರು ಜನ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದರು. ಅವಳು ಯಾರೆಂದು ಹೇಳಿದಾಗ ಅವನು ಗಿರಣಿ ನಿಲ್ಲಿಸಿ ಅವಳನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ನಿಂತುಕೊಂಡೇ ಕೇಳಿಸಿಕೊಂಡ. ಅವಳು ಬೂದು, ಕಪ್ಪು ಏನೂ ಹೇಳಲಿಲ್ಲ. ಕಾರ್ಡು ತಪ್ಪಾಗಿತ್ತು, ನೀವಿಬ್ಬರೂ ಒಂದೇ ತಂದೆ ತಾಯಿಯ ಮಕ್ಕಳು ಎಂದಷ್ಟೇ ಹೇಳಿದಳು.

ಅವನು ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡ.

“ಕಾರ್ಡ್ ನೋಡಿ ನಮ್ಮಪ್ಪ ಮನಿ ಬಿಟ್ಟ. ಎಲ್ಲಿದ್ದಾನೋ ಗೊತ್ತಿಲ್ಲ,” ಎಂದ. “ಅಣ್ಣ ಆ ದೀಪಾವಳಿಗೆ ತೀರಕೊಂಡ.” ಆಮೇಲೆ ಕೇಳಿದ: “ಹಂಗಂದ್ರ, ಅವತ್ತ ನಾ ಕೊಡಬಹುದಿತ್ತೇನ್ರಿ?”

ಈ ಪ್ರಶ್ನೆ ಬರುತ್ತದೆ ಎಂದು ಅವಳಿಗೆ ರೈಲಿನಲ್ಲೇ ಗೊತ್ತಿತ್ತು. ಸುಮ್ಮನಾದವರನ್ನು ಎಬ್ಬಿಸುವುದು ದಯೆಯಲ್ಲ ಎಂದ ಗಲಗಲಿಯ ಮಾತು ನೆನಪಾಯಿತು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

“ಕೊಡಬಹುದಿತ್ರಿ,” ಎಂದಳು.

ದ್ಯಾಮಣ್ಣ ಗೋಡೆಗೆ ಒರಗಿದ. “ಅವ್ವ ಒಳಗದಾಳ. ಆಕಿಗೆ ಹೇಳ್ರಿ. ಕಾರ್ಡ್ ತಪ್ಪಿತ್ತು ಅಂತ ಹೇಳ್ರಿ. ಇನ್ನೊಂದು ಹೇಳಬ್ಯಾಡ್ರಿ.”

ಒಳಗೆ ಫಕೀರವ್ವ ನೆಲದ ಮೇಲೆ ಕುಳಿತು ಹಿಟ್ಟು ಸಾಣಿಸುತ್ತಿದ್ದಳು. ಗಿರಣಿಯ ಸದ್ದಿಗೆ ಅವಳ ಕಿವಿ ಮಂದವಾಗಿತ್ತು. ಅನಸೂಯಾ ಹತ್ತಿರ ಕುಳಿತು ಗಟ್ಟಿಯಾಗಿ ಹೇಳಬೇಕಾಯಿತು. ಇಂಥ ಮಾತನ್ನು ಕೂಗಿ ಹೇಳುವುದು ಅವಳಿಗೆ ವಿಚಿತ್ರವೆನಿಸಿತು. ಹೊರಗೆ ಡಬ್ಬಿ ಹಿಡಿದು ನಿಂತವರಿಗೂ ಕೇಳುತ್ತಿತ್ತು.

“ನನಗೇನ ಹೇಳಾಕ ಬಂದಿ?” ಎಂದಳು ಫಕೀರವ್ವ. “ನನಗ ಗೊತ್ತಿದ್ದಿಲ್ಲೇನು?”

ಸಾಣಿಗೆ ಎರಡು ಸಲ ಆಡಿತು. ನಿಂತಿತು.

“ಅಂದ್ರ ದೊಡ್ಡಾವ ಉಳೀತಿದ್ದ.”

ಬಾಗಿಲಲ್ಲಿ ದ್ಯಾಮಣ್ಣ ತಲೆ ಅಲ್ಲಾಡಿಸಿದ, ಬೇಡ ಎನ್ನುವಂತೆ. ಫಕೀರವ್ವ ಅನಸೂಯಾಳ ಮುಖವನ್ನೇ ನೋಡುತ್ತಿದ್ದಳು. ಅನಸೂಯಾ ಬಾಯಿ ತೆರೆಯಲಿಲ್ಲ, ಕಣ್ಣು ಕೆಳಗೂ ಹಾಕಲಿಲ್ಲ. ಮುದುಕಿಗೆ ಅಷ್ಟು ಸಾಕಾಯಿತು.

“ಹೂಂ,” ಎಂದಳು. ಸೆರಗಿನಿಂದ ಕೈ ಒರೆಸಿಕೊಂಡಳು. ಆಮೇಲೆ ಕೇಳಿದಳು: “ಅವತ್ತ ಕಾರ್ಡ್ ಕೊಟ್ಟಾಕಿ ನೀನ?”

“ನಾನ.”

“ಬಾಯಿಲೆ ಹೇಳಿ ಹೋದ್ರ ನಾಳೆ ಯಾರ ನಂಬ್ತಾರ? ಬರದ ಕೊಡು. ನಿನ್ನ ಹೆಸರ ಹಾಕು.”

ಅನಸೂಯಾ ನೋಟುಬುಕ್ಕಿನ ಕೊನೆಯ ಹಾಳೆ ಹರಿದಳು. ಕಾರ್ಡಿನ ಕ್ರಮಸಂಖ್ಯೆ ಬರೆದಳು. ದ್ಯಾಮಣ್ಣ, ಯಲ್ಲಪ್ಪ ಇಬ್ಬರೂ ಫಕೀರವ್ವ ಮತ್ತು ಅವಳ ಗಂಡನ ಮಕ್ಕಳು, ನಾನು ಕೊಟ್ಟ ಕಾರ್ಡು ತಪ್ಪು ಎಂದು ಬರೆದಳು. ಹೆಸರು ಹಾಕಿ, ಕೆಲಸದ ಜಾಗ ಹಾಕಿ, ತಾರೀಖು ಹಾಕಿದಳು. ಇದು ಮಂಡಳಿಗೆ ತಲುಪಲು ವಾರವೂ ಬೇಕಾಗಲಿಕ್ಕಿಲ್ಲ ಎಂದು ಅವಳಿಗೆ ತಿಳಿದಿತ್ತು.

ಫಕೀರವ್ವ ಕಾಗದವನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಮಗನ ಕಡೆ ನೋಡಿ, “ಗಿರಣಿ ಚಾಲೂ ಮಾಡು. ಮಂದಿ ಕಾಯಾಕತ್ತಾರ,” ಎಂದಳು. ದ್ಯಾಮಣ್ಣ ಹೋದ. ಗಿರಣಿಯ ಸದ್ದು ಎದ್ದಿತು. ಯಾರೂ ಅನಸೂಯಾಳಿಗೆ ಕೂಡು ಎನ್ನಲಿಲ್ಲ, ಏಳು ಎನ್ನಲಿಲ್ಲ. ಸ್ವಲ್ಪ ಹೊತ್ತು ಕುಳಿತಿದ್ದು ಅವಳೇ ಎದ್ದು ಬಂದಳು.

ಮನೆ ಮುಟ್ಟಿದಾಗ ಸಂಜೆ ಐದಾಗಿತ್ತು. ತಂಗೆವ್ವ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಅನಸೂಯಾ ಚಪ್ಪಲಿ ಬಿಡುತ್ತ, ಯಾರೂ ಕೇಳದೆಯೇ, ನಡೆದದ್ದನ್ನೆಲ್ಲ ಹೇಳಿದಳು. ಫಕೀರವ್ವ, ಗಿರಣಿ, ಕಾಗದ. ಧಾರವಾಡದಲ್ಲಿ ಹಾಕಿದ ಸಹಿಯನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಗಂಟಲು ಕಟ್ಟಿತು. ಅವಳು ನಿಲ್ಲಿಸಿದಳು.

“ಕೆಲಸ ಹೋಗ್ತೈತಿ?” ಎಂದಳು ತಂಗೆವ್ವ.

“ಹೋಗ್ತೈತಿ.”

“ಇನ್ನ ಎಷ್ಟ ಮನಿ ಅದಾವ?”

“ಇನ್ನೂರ ಹದಿನೆಂಟು.”

ತಂಗೆವ್ವ ಎದ್ದು ಒಳಗೆ ಹೋದಳು. ಎರಡು ತಾಟು ಇಟ್ಟ ಸದ್ದು ಕೇಳಿತು. “ಬಾ, ಉಣ್ಣು,” ಎಂದು ಕರೆದಳು. ರೊಟ್ಟಿ, ಹೆಸರುಕಾಳಿನ ಪಲ್ಯ. ತಾಯಿ ಮಗಳು ಎದುರುಬದುರು ಕುಳಿತರು. ಅರ್ಧ ರೊಟ್ಟಿ ತಿಂದ ಮೇಲೆ ತಂಗೆವ್ವ ಹೇಳಿದಳು: “ಮುಂದಿನ ಮನಿಗೆ ನಾನೂ ಬರ್ತೀನಿ. ಆ ಹೆಣ್ಣಮಕ್ಕಳ ಮುಂದ ನೀ ಒಬ್ಬಾಕೇ ಹೋಗಿ ಕುಂದರಬ್ಯಾಡ.”

ಎರಡನೆಯ ಮನೆ ಹಳೇ ಹುಬ್ಬಳ್ಳಿಯಲ್ಲೇ ಇತ್ತು, ನಡೆದು ಹೋಗುವಷ್ಟು ದೂರ. ಮರುದಿನ ಬೆಳಿಗ್ಗೆ ಕೇಂದ್ರ ತೆರೆಯುವ ಮುಂಚೆ ಇಬ್ಬರೂ ಹೋದರು. ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಅನಸೂಯಾ ಹೊಸ್ತಿಲ ಮುಂದೆ ನಿಂತು ನೋಟುಬುಕ್ಕು ತೆರೆದು ಹೆಸರು ನೋಡುತ್ತಿದ್ದಳು. ಬಾಗಿಲನ್ನು ತಂಗೆವ್ವನೇ ಬಡಿದಳು.